ಎರಡೇ ಬಾಗಿಲಿನ ಮೂರು ಕಾರುಗಳು

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಶೆಡ್ಡು ಇದೆ. ಕಬ್ಬು ಸಾಗಿಸುವ ಟ್ರೇಲರ್ ಕಟ್ಟುವುದು ನಮ್ಮ ಕಸುಬು. ಶುರು ಮಾಡಿದವರು ಮಾವನವರು. ಹುನ್ನೂರಿನಲ್ಲಿ ಕುರಿ ಕಾಯುತ್ತಿದ್ದ ಮನೆತನದಿಂದ ಬಂದು, ಯಾರದೋ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತು, ಕೊನೆಗೆ ಸ್ವಂತ ಶೆಡ್ಡು ಹಾಕಿದವರು. ಈಗ ಆರ್ಡರು, ಗಿರಾಕಿ, ಕಬ್ಬಿಣದ ಖರೀದಿ ಎಲ್ಲವನ್ನೂ ಅವರ ಮಗ, ನಮ್ಮವರು, ನೋಡಿಕೊಳ್ಳುತ್ತಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿಕೊಂಡು ಈ ಮನೆಗೆ ಸೊಸೆಯಾಗಿ ಬಂದವಳು. ಟ್ರೇಲರಿನ ನಕ್ಷೆ ಬರೆಯುವುದು, ಅಳತೆ ಹಾಕಿ ಕೊಡುವುದು ನನ್ನ ಪಾಲಿನ ಕೆಲಸ.

ಈ ಕಸುಬಿಗೆ ಹಂಗಾಮು ಇದೆ. ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವ ಮೊದಲಿನ ತಿಂಗಳುಗಳಲ್ಲಿ ಉಣ್ಣಲೂ ಪುರುಸೊತ್ತಿರುವುದಿಲ್ಲ. ಹೋಳಿಹುಣ್ಣಿಮೆ ದಾಟಿತೆಂದರೆ ಶೆಡ್ಡು ಸುಮ್ಮನಾಗುತ್ತದೆ. ಮಂದಿಗೆ ಅದು ವಿಶ್ರಾಂತಿಯ ಕಾಲ. ನನಗೆ ಮಾತ್ರ ಆ ದಿನಗಳಲ್ಲಿ ಕೈಕಾಲು ಕಟ್ಟಿ ಕೂರಿಸಿದ ಹಾಗೆ ಆಗುತ್ತಿತ್ತು. ರೊಟ್ಟಿ ಬಡಿಯುತ್ತಿದ್ದರೂ ತಲೆಯೊಳಗೆ ಅಳತೆಗಳು ಓಡುತ್ತಿದ್ದವು. ಮನೆಯ ಕಿಟಕಿ, ಕಟ್ಟೆ, ಮಕ್ಕಳ ಸೈಕಲ್ಲು ಯಾವುದನ್ನೂ ಬಿಡದೆ ಅಳೆದು ಮುಗಿಸಿದ್ದೆ. ಇಬ್ಬರು ಹೆಣ್ಣುಮಕ್ಕಳೂ ಸಾಲೆಗೆ ಹೋದ ಮೇಲೆ ಮನೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ ಕಾರಣವಿಲ್ಲದೆ ತಿರುಗುತ್ತಿದ್ದೆ.

ಅಂಥ ಒಂದು ಬೇಸಿಗೆಯಲ್ಲಿ ಫೋನಿನಲ್ಲಿ ಒಂದು ಪರದೇಶದ ಕಾರಿನ ಕಥೆ ನೋಡಿದೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹತ್ತಿಕೊಂಡ ಮೈ, ಹಿಂದಿನ ಗಾಲಿಗಳೇ ದಬ್ಬಿಕೊಂಡು ಹೋಗುವ ಕಾರು. ವೇಗದ ಕಾರು ಶ್ರೀಮಂತರಿಗಷ್ಟೇ ಯಾಕೆ, ಸಾಮಾನ್ಯ ಸಂಬಳದವರಿಗೂ ಸಿಗಲಿ ಎಂದು ಒಂದು ಕಂಪನಿ ಅದನ್ನು ಮಾಡಿತ್ತಂತೆ. ಓಡಿಸಿದವರೆಲ್ಲ ಹೊಗಳಿದರಂತೆ. ಆದರೆ ಹೊಗಳಿದಷ್ಟು ಮಂದಿ ಕೊಳ್ಳಲಿಲ್ಲ, ಕಂಪನಿ ನಿಲ್ಲಿಸಿಬಿಟ್ಟಿತು. ನಿಂತ ಮೇಲೆ ಎಲ್ಲರೂ ಹಳೆಯದನ್ನೇ ಹುಡುಕತೊಡಗಿದರಂತೆ. ಎಂಜಿನನ್ನು ಎಲ್ಲಿ ಕೂರಿಸಿದ್ದಾರೆ, ಓಡಿಸುವವರನ್ನು ಎಲ್ಲಿ ಕೂರಿಸಿದ್ದಾರೆ ಎಂದು ನಾನು ಆ ವಿಡಿಯೋವನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ.

ಆಗ ನಮ್ಮ ಶೆಡ್ಡಿನ ಹಿಂದೆ ಒಂದು ಹಳೆಯ ವ್ಯಾನು ಬಿದ್ದಿತ್ತು. ಸಾಲೆ ಮಕ್ಕಳನ್ನು ಸಾಗಿಸಿ ಸಾಗಿಸಿ ಸವೆದದ್ದು. ಅದರ ಹಿಂದಿನ ಆಕ್ಸಲ್ ಸಣ್ಣ ಟ್ರೇಲರಿಗೆ ಆಗುತ್ತದೆಂದು ನಮ್ಮವರು ತಂದಿದ್ದರು. ಎಂಜಿನು ಮುಂದೆ, ಓಡುವುದು ಹಿಂದಿನ ಗಾಲಿ, ನಡುವೆ ಉದ್ದನೆಯ ಶಾಫ್ಟು. ನನಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಮಾವನವರ ಹತ್ತಿರ ಹೋಗಿ ಫೋನು ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ಕೊನೆತನಕ ನೋಡಿದರು.

"ಟ್ರ್ಯಾಕ್ಟರೂ ಹಿಂದಿನ ಗಾಲಿಲೇ ದುಡೀತೈತಿ" ಎಂದರು. "ಮುಂದಿನ ಗಾಲಿ ಬರೇ ದಾರಿ ತೋರಸ್ತಾವ. ಇದರಾಗ ಹೊಸಾದು ಏನೈತಿ ಯವ್ವಾ?"

"ಹೊಸಾದು ಏನೂ ಇಲ್ಲರಿ ಮಾವಾರ. ಟ್ರ್ಯಾಕ್ಟರ್ ನೆಲಾ ಬಿಟ್ಟು ಮ್ಯಾಲ ನಿಂತೈತಿ, ಇದು ನೆಲಕ್ಕ ಕುಂತೈತಿ. ಅಷ್ಟ."

ಮರುದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಅವರು ವ್ಯಾನಿನ ಕೆಳಗೆ ಮಲಗಿ ಟೇಪು ಹಿಡಿದಿದ್ದರು.

ನಮ್ಮವರು ಮಾತ್ರ ನಕ್ಕರು. "ಎರಡ ಬಾಗಲಾ? ಮನ್ಯಾಗ ನಾವು ಐದ ಮಂದಿ ಅದೀವಿ. ಉಳದ ಮೂರು ಮಂದಿ ಓಡ್ಕೋತ ಬರಬೇಕೇನು?"

"ಟ್ರೇಲರ್ ಖಾಲಿ ಐತಲ್ಲ, ಅದರಾಗ ಬರ್ರಿ" ಎಂದೆ. ಅವರಿಗೆ ಅದು ತಮಾಷೆಯಾಗಿ ಕಂಡಿತು, ಬಿಟ್ಟುಬಿಟ್ಟರು. ಮಾವನವರೂ ನಾನೂ ಈ ಕೆಲಸವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆಂಬುದು ಅವರಿಗೆ ಆಗ ತಿಳಿದಿರಲಿಲ್ಲ.

ಮೊದಲ ಚೌಕಟ್ಟನ್ನು ಟ್ರೇಲರಿಗೆ ಹಾಕುವ ದಪ್ಪ ಕಬ್ಬಿಣದ ಚಾನೆಲ್‌ನಲ್ಲೇ ಕಟ್ಟಿದೆವು. ಕೈಗೆ ರೂಢಿಯಾದದ್ದು ಅದೇ. ಎಂಜಿನ್ ಇಟ್ಟು, ಗೇರು ಹಾಕಿ ಕ್ಲಚ್ ಬಿಟ್ಟರೆ ಅದು ಏದುಸಿರು ಬಿಡುತ್ತ ಅಂಗಳದಲ್ಲಿ ನಾಲ್ಕು ಮಾರು ನಡೆದು ನಿಂತಿತು. ಹತ್ತು ಟನ್ ಕಬ್ಬು ಹೊರುವ ಎಲುಬು, ಅದಕ್ಕೆ ವ್ಯಾನಿನ ಪುಟ್ಟ ಎಂಜಿನು. ಮೂರು ವಾರದ ಕೆಲಸ ಅದು. ಮಾವನವರು ಒಂದು ಬೀಡಿ ಸೇದಿ, ಗ್ಯಾಸ್ ಕಟರ್ ಹಚ್ಚಿ, ತಾವೇ ಹಾಕಿದ ವೆಲ್ಡಿಂಗನ್ನು ಒಂದೊಂದಾಗಿ ಕತ್ತರಿಸಿದರು. ಎರಡನೆಯ ಸಲ ತೆಳುವಾದ ಚೌಕ ಪೈಪು ತರಿಸಿದೆವು. ಎಂಜಿನನ್ನು ಮುಂದಿನ ಗಾಲಿಗಿಂತ ಹಿಂದಕ್ಕೆ ಸರಿಸಿದೆ. ಸ್ಟಿಯರಿಂಗ್ ಎಲ್ಲಿರಬೇಕೆಂದು ತಿಳಿಯಲು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕಾಲು ಚಾಚಿ ಕೂತೆ. ಮಾವನವರು ಬಡಿಗೆ ಹಿಡಿದು ನನ್ನ ಮೊಣಕಾಲು, ಮೊಣಕೈ, ಗದ್ದದ ಎತ್ತರ ಗುರುತು ಮಾಡಿಕೊಂಡರು. ಹಾಗೆ ಆ ಕಾರು ನನ್ನ ಮೈಯಳತೆಗೆ ಹುಟ್ಟಿತು.

ನಮ್ಮಲ್ಲಿದ್ದ ಬೆಂಡಿಂಗ್ ಮಶೀನು ತಗಡನ್ನು ನೆಟ್ಟಗೆ ಮಾತ್ರ ಮಡಚುತ್ತದೆ, ದುಂಡಗೆ ಬಗ್ಗಿಸುವುದಿಲ್ಲ. ಹೀಗಾಗಿ ನಮ್ಮ ಕಾರಿಗೆ ಎಲ್ಲೂ ದುಂಡು ಬರಲಿಲ್ಲ. ಮೂಗು ಚೂಪು, ಬೆನ್ನು ಇಳಿಜಾರು, ಎಲ್ಲ ಮೂಲೆ ಮೂಲೆ. ಟ್ರೇಲರಿಗೆ ತಂದ ಕೆಂಪು ಬಣ್ಣವನ್ನೇ ಹೊಡೆದೆವು. ಪೇಂಟರ್ ಬಂದವನು ರೂಢಿಯಂತೆ ಬ್ರಶ್ ಅದ್ದಿಕೊಂಡು "ಮುಂದ ಏನ್ ಬರೀಲ್ರಿ?" ಎಂದ. ಮಾವನವರು "ಶ್ರೀ ಬೀರೇಶ್ವರ ಪ್ರಸನ್ನ ಅಂತ ಬರಿ" ಎಂದರು.

ಓಡಿಸಿ ನೋಡಲು ರಸ್ತೆ ಬೇಕಿತ್ತು. ನಂಬರಿಲ್ಲದ ಕಾರನ್ನು ಮುಖ್ಯ ರಸ್ತೆಗೆ ಇಳಿಸುವ ಹಾಗಿಲ್ಲ. ಬೀಳಗಿಯ ಆಚೆ ಕೃಷ್ಣೆಯ ಹಿನ್ನೀರು ಬೇಸಿಗೆಯಲ್ಲಿ ಸರಿಯುತ್ತದೆ. ಸರಿದಾಗ ಮುಳುಗಡೆಯಾದ ಒಂದು ಊರಿಗೆ ಹೋಗುತ್ತಿದ್ದ ಹಳೆಯ ಡಾಂಬರು ರಸ್ತೆ ನೀರಿನಿಂದ ಮೇಲೇಳುತ್ತದೆ. ಆ ಊರಿಗೆ ಈಗ ಯಾರೂ ಹೋಗುವುದಿಲ್ಲ. ಕಾರನ್ನು ನಮ್ಮದೇ ಟ್ರೇಲರಿನ ಮೇಲೆ ಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ಎಳೆದುಕೊಂಡು ಹೋದೆವು. ಟ್ರ್ಯಾಕ್ಟರ್ ಮಾವನವರು ಹೊಡೆದರು. ನಾನು ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ಹಿಂದೆ ತಿರುಗಿ ತಿರುಗಿ ಹಗ್ಗ ನೋಡುತ್ತಿದ್ದೆ.

ರಸ್ತೆ ಇಳಿಯುತ್ತ ಹೋಗಿ ಒಂದು ಕಡೆ ಎಡಕ್ಕೆ ತಿರುಗಿ ನೀರಿನೊಳಗೆ ಹೋಗುತ್ತಿತ್ತು. ಅಕ್ಕಪಕ್ಕ ಒಡೆದ ಎರೆಮಣ್ಣು. ಮೊದಲನೆಯ ಗೇರು, ಎರಡು, ಮೂರು. ಇಡೀ ಕಾರು ನನ್ನ ಬೆನ್ನಿಗೆ ಆತುಕೊಂಡು ದಬ್ಬುತ್ತಿತ್ತು. ಟ್ರ್ಯಾಕ್ಟರು, ಬಸ್ಸು, ನಮ್ಮವರ ಕಾರು ಯಾವುದರಲ್ಲೂ ನನಗೆ ಹಾಗೆ ಆಗಿರಲಿಲ್ಲ. ತಿರುವು ಬಂದಾಗ ಸ್ಟಿಯರಿಂಗ್ ತಿರುಗಿಸಿದೆ. ಮೂಗು ತಿರುಗಿತು, ಬಾಲ ತಿರುಗುವುದನ್ನು ನಿಲ್ಲಿಸಲೇ ಇಲ್ಲ. ನೀರು, ಆಕಾಶ, ಟ್ರ್ಯಾಕ್ಟರು ಒಂದರ ಹಿಂದೊಂದು ಕಣ್ಣ ಮುಂದೆ ಹಾದು ಹೋದವು. ಕಾರು ನಿಂತಾಗ ನಾನು ಬಂದ ದಾರಿಗೇ ಮುಖ ಮಾಡಿ ಕೂತಿದ್ದೆ.

ಮಾವನವರು ಓಡುತ್ತ ಬಂದರು. ನೇರವಾಗಿ ಕಾರಿನ ಹಿಂದೆ ಹೋಗಿ ಮೊಣಕಾಲೂರಿ ಆಕ್ಸಲ್ ನೋಡಿದರು. "ಇಲ್ಲೇನೂ ಆಗಿಲ್ಲ" ಎಂದರು. ಆಮೇಲೆ ಎದ್ದು ನನ್ನ ಕಡೆ ಬಂದು, "ನಿನಗೇನರ ಆತೇನು?" ಎಂದರು.

"ಇಲ್ಲರಿ. ಬಾಲ ಹಗರ ಆಗೇತಿ."

"ಹಗರ ಆಗೇತಿ. ಪಾಟಾನೂ ಗಟ್ಟಿ ಅದಾವ" ಎಂದರು. ಆಕ್ಸಲ್ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಎಂಟು ಮಂದಿ ಮಕ್ಕಳನ್ನು ಹೊರುತ್ತಿದ್ದ ಪಾಟಾ ಈಗ ನನ್ನೊಬ್ಬಳನ್ನು ಹೊತ್ತು ಪುಟಿಯುತ್ತಿತ್ತು. ಶೆಡ್ಡಿಗೆ ತಂದು ಒಂದೊಂದು ಪಟ್ಟಿ ಕಡಿಮೆ ಮಾಡಿದೆವು, ಬ್ಯಾಟರಿ ಹಿಂದಕ್ಕೆ ಒಯ್ದೆವು, ಪೆಟ್ರೋಲ್ ಟ್ಯಾಂಕನ್ನು ಆಕ್ಸಲ್ ಮೇಲೆ ಕೂರಿಸಿದೆವು. ಮತ್ತೆ ಹಿನ್ನೀರಿಗೆ ಹೋದೆವು. ಆ ಬೇಸಿಗೆಯಲ್ಲಿ ಎಷ್ಟು ಸಲ ಹೋದೆವೋ. ಒಂದು ದಿನ ಆ ತಿರುವಿನಲ್ಲಿ ಬಾಲ ಸ್ವಲ್ಪವೇ ಜಾರಿ, ನಾನು ಹೇಳಿದಲ್ಲಿಗೆ ನಿಂತಿತು. ಕೂಡಲೇ ತಿರುಗಿಸಿಕೊಂಡು ಇನ್ನೊಮ್ಮೆ ಹೋದೆ. ಇನ್ನೊಮ್ಮೆ. ಪೆಟ್ರೋಲ್ ಮುಗಿದು ಕಾರೇ ನಿಲ್ಲುವ ತನಕ ನನಗೆ ನಿಲ್ಲಿಸಲಾಗಲಿಲ್ಲ.

ಮೊದಲ ಗಿರಾಕಿ ಅಲ್ಲೇ ಸಿಕ್ಕರು. ಮುಧೋಳದ ಫೋಟೋಗ್ರಾಫರ್ ಒಬ್ಬರು ಮದುವೆ ನಿಶ್ಚಯವಾದ ಜೋಡಿಗಳ ಫೋಟೋ ತೆಗೆಯಲು ಹಿನ್ನೀರಿನ ದಂಡೆಯಲ್ಲಿ ಜಾಗ ಹುಡುಕುತ್ತಿದ್ದರು. ಕಾರಿನ ಸುತ್ತ ಎರಡು ಸುತ್ತು ಹಾಕಿ, "ಇದು ಯಾವ ಕಂಪನಿ ಗಾಡಿರಿ ಅಕ್ಕಾರ?" ಎಂದರು.

"ನಮ್ಮದ."

"ನಿಮ್ಮದ ಖರೆರಿ, ಮಾಡಿದವ್ರು ಯಾರು?"

"ನಾವ ಮಾಡೀವ್ರಿ" ಎಂದು ಮಾವನವರನ್ನು ತೋರಿಸಿದೆ. ಮಾವನವರು ಟ್ರ್ಯಾಕ್ಟರಿನ ನೆರಳಿನಲ್ಲಿ ರೊಟ್ಟಿ ತಿನ್ನುತ್ತಿದ್ದರು. ಫೋಟೋಗ್ರಾಫರಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ಬೈಕಿನ ಬೆಲೆಗೆ ಇಂಥದೇ ಇನ್ನೊಂದು ಕಟ್ಟಿಕೊಡಬಹುದೆಂದು ಹೇಳಿದಾಗ ಅವರು ಅಲ್ಲೇ ಆರ್ಡರು ಕೊಟ್ಟರು.

ಮಾರುವ ಮೊದಲು ನಂಬರಿನ ವಿಷಯ ಕೇಳಲು ನಕ್ಷೆಗಳ ಸುರುಳಿ ಹಿಡಿದು ಸಾರಿಗೆ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ, ಎಲ್ಲ ಹಾಳೆಗಳನ್ನೂ ಬಿಡಿಸಿ ನೋಡಿದರು. ಒಂದು ಮಾದರಿಗೆ ನಂಬರು ಸಿಗಬೇಕಾದರೆ ಡಿಕ್ಕಿ ಹೊಡೆಸಿ ನೋಡುವುದು, ಹೊಗೆ ಅಳೆಯುವುದು, ಬ್ರೇಕ್ ಪರೀಕ್ಷೆ, ಹೀಗೆ ದೊಡ್ಡ ಕಂಪನಿಗಳಷ್ಟೇ ದಾಟಬಲ್ಲ ದಾರಿ ಇದೆ ಎಂದು ತಾಳ್ಮೆಯಿಂದ ಹೇಳಿದರು. "ನಿಮ್ಮ ಹೊಲದಾಗ ಎಷ್ಟರ ಓಡಿಸ್ರಿ ತಂಗಿ, ರಸ್ತಾಕ್ಕ ಮಾತ್ರ ಹತ್ತಿಸಬ್ಯಾಡ್ರಿ." ಅವರ ಮೇಲೆ ಸಿಟ್ಟು ಬರಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾಯಲಾರದೆ ಬಹಳ ದೂರ ನಡೆದೆ.

ಕೊಳ್ಳುವವರಿಗೆ ಸ್ವಂತ ಜಾಗದಲ್ಲಷ್ಟೇ ಓಡಿಸಬೇಕೆಂದು ಬರೆದುಕೊಟ್ಟು, ಇನ್ನೊಂದು ಹಳೆಯ ವ್ಯಾನಿನಿಂದ ಕಟ್ಟಿದ ಎರಡನೆಯ ಕಾರನ್ನು ಮುಧೋಳಕ್ಕೆ ಕಳಿಸಿದೆವು. ಇದಕ್ಕೆ ಬಿಳಿ ಬಣ್ಣ. ಎರಡು ತಿಂಗಳ ಮೇಲೆ ಆಯಿಲ್ ಬದಲಿಸಲೆಂದು ನಾನು ಹೋದೆ. ಫೋಟೋಗ್ರಾಫರ ಅಂಗಳದಲ್ಲಿ ಬಣ್ಣ ಬಳಿದ ಗೋಡೆಯ ಮುಂದೆ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಸೀಟಿನ ಮೇಲೆ ಒಣಗಿದ ಗುಲಾಬಿ ಪಕಳೆಗಳು. ಆಯಿಲ್ ತೆಗೆದು ನೋಡಿದರೆ ನಾನು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು.

"ಓಡಿಸೇ ಇಲ್ಲೇನ್ರಿ?"

"ಓಡಸೂದ್ಯಾಕ್ರಿ ಅಕ್ಕಾರ? ನಿಂತರ ಎಷ್ಟ ಚಂದ ಕಾಣ್ತೈತಿ ನೋಡ್ರಿ" ಎಂದು ಸಂತೋಷದಿಂದ ಫೋಟೋಗಳನ್ನು ತೋರಿಸಿದರು. ಒಂದರಲ್ಲಿ ಹುಡುಗಿ ಬಾನೆಟ್ ಮೇಲೆ ಕೂತಿದ್ದಳು. ಇನ್ನೊಂದರಲ್ಲಿ ಹುಡುಗ ಸ್ಟಿಯರಿಂಗ್ ಹಿಡಿದು ದೂರ ನೋಡುತ್ತಿದ್ದ, ಅವನ ಹಿಂದೆ ಹೊಗೆ ಬರಿಸಿದ್ದರು. ಕಾರು ನಿಜಕ್ಕೂ ಚಂದ ಕಾಣುತ್ತಿತ್ತು. ಹೊಸ ಆಯಿಲ್ ಡಬ್ಬಿಯನ್ನು ಹಾಗೇ ವಾಪಸು ತಂದೆ. ಆ ಬಾಲ ಹೇಳಿದಲ್ಲಿ ನಿಲ್ಲಲಿ ಎಂದು ನಾವಿಬ್ಬರೂ ಒಂದು ಬೇಸಿಗೆಯನ್ನೇ ಕಳೆದಿದ್ದೆವು, ಇಲ್ಲಿ ಅದಕ್ಕೆ ತಿರುಗುವ ಕೆಲಸವೇ ಇರಲಿಲ್ಲ.

ಆದರೆ ಆ ಫೋಟೋಗಳು ಊರೂರಿಗೆ ಹೋದವು. ವಿಚಾರಿಸುವವರು ಬರತೊಡಗಿದರು. ಶೆಡ್ಡಿನ ಮುಂದೆ ಬೈಕು ನಿಲ್ಲಿಸಿ ಬೆರಗಿನಿಂದ ನೋಡುತ್ತಿದ್ದರು, ಸೀಟಿನಲ್ಲಿ ಕೂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ಒಂದೇ ಮಾತು ಕೇಳುತ್ತಿದ್ದರು. "ಖರೆರಿ, ಹಿಂದ ಮಂದಿ ಎಲ್ಲಿ ಕುಂಡ್ರೂದು?" ಮಂದಿ ಕೂರುವುದಿಲ್ಲ ಎಂದರೆ ಅವರ ಮುಖದಲ್ಲಿ ನನ್ನ ಬಗ್ಗೆ ಕರುಣೆಯಂಥದೇನೋ ಕಾಣುತ್ತಿತ್ತು. ಅಗ್ಗದ ಕಾರನ್ನು ಕೊಳ್ಳುವವನಿಗೆ ಅದು ಒಂದೇ ಕಾರು. ಅದರಲ್ಲಿ ಅವ್ವ, ಹೆಂಡತಿ, ಮಕ್ಕಳು, ಸಂತೆಯ ಚೀಲ ಎಲ್ಲ ಹಿಡಿಯಬೇಕು. ಒಬ್ಬರ ಖುಷಿಗೆಂದು ಇನ್ನೊಂದು ಕಾರು ಇಟ್ಟುಕೊಳ್ಳಬಲ್ಲವನು ಅಗ್ಗದ್ದನ್ನು ಕೊಳ್ಳುವುದಿಲ್ಲ. ಪರದೇಶದ ಆ ಕಂಪನಿಗೂ ಹೀಗೇ ಆಗಿರಬೇಕು ಎಂದು ನನಗೆ ಆಗ ಅನಿಸಿತು.

ಮೂರನೆಯದನ್ನು ಬನಹಟ್ಟಿಯ ಮಗ್ಗದ ಸಾವಕಾರರೊಬ್ಬರು ಕೊಂಡರು. ಐವತ್ತು ದಾಟಿದ ಹಸನ್ಮುಖಿ. ಒಳ್ಳೆಯ ಮಾತಿನವರು. ನಾವು ಬರೆದುಕೊಟ್ಟ ಕಾಗದ ಓದಿ ತಲೆಯಾಡಿಸಿ ಸಹಿ ಮಾಡಿದ್ದರು. ಆದರೆ ರಬಕವಿಯಲ್ಲಿ ಅವರ ಬೀಗರು ಸೀರೆ ಅಂಗಡಿ ತೆರೆದ ದಿನ ಮನಸ್ಸು ತಡೆಯಲಿಲ್ಲವಂತೆ. ಮಗ್ಗದ ಓಣಿಯಿಂದ ಹೊರಗೆ ತೆಗೆದು ಪೇಟೆಯವರೆಗೆ ಓಡಿಸಿಕೊಂಡು ಹೋದರು. ಸುತ್ತ ಜನ ಸೇರಿದರು. ಪೊಲೀಸರೂ ಬಂದರು. ನಂಬರಿಲ್ಲದ ಗಾಡಿಗೆ ಏನು ಮಾಡಬೇಕೋ ಅದನ್ನು ಮಾಡಿದರು. ದಂಡ ಕಟ್ಟಿ ಬಿಡಿಸಿಕೊಂಡು ಬಂದ ಸಾವಕಾರರು ನೇರವಾಗಿ ನಮ್ಮ ಶೆಡ್ಡಿಗೇ ಅದನ್ನು ಹೇರಿಕೊಂಡು ಬಂದರು.

"ನನಗ ಸಿಟ್ಟ ಇಲ್ಲ ತಂಗಿ" ಎಂದರು ಚಹಾ ಕುಡಿಯುತ್ತ. "ತಪ್ಪು ನಂದ. ಆದರ ಹೊರಗ ಒಯ್ಯಾಕ ಬರಲಾರದ ಕಾರು ಇಟಗೊಂಡು ಏನ್ ಮಾಡ್ಲಿ? ಮನ್ಯಾಗ ನಿಂತ ಸಪ್ಪಳಾ ಮಾಡಾಕ ನನ್ನ ಕಡೆ ಮಗ್ಗ ಅದಾವಲ್ಲ."

ಕಾರನ್ನು ವಾಪಸು ತೆಗೆದುಕೊಂಡೆವು. ಸಾವಕಾರರು ಹೋದ ಮೇಲೆ ನಮ್ಮವರು ಆರ್ಡರಿನ ಪುಸ್ತಕ ತೆರೆದು ನನ್ನ ಮುಂದೆ ಇಟ್ಟರು. ಆ ವರ್ಷ ಹಂಗಾಮಿನ ಟ್ರೇಲರುಗಳು ತಡವಾಗಿದ್ದವು, ಇಬ್ಬರು ಹಳೆಯ ಗಿರಾಕಿಗಳು ಬೇರೆ ಕಡೆ ಹೋಗಿದ್ದರು.

"ಆತು" ಎಂದರು. "ಇಲ್ಲಿಗೆ ಸಾಕು. ಅಪ್ಪನ ಕಣ್ಣ ನೋಡೀಯೇನು? ದಿನಾ ನೀರ ಸುರೀತಾವ. ನೀ ಹೇಳಿದ್ದಕ್ಕ ಅಂವಾ ಇಲ್ಲ ಅನ್ನಂಗಿಲ್ಲ. ಅದಕ್ಕ ನೀನ ನಿಲ್ಲಿಸಬೇಕು."

ಮಾವನವರ ಕಣ್ಣಿಗೆ ಪೊರೆ ಬಂದಿತ್ತು. ನಾನು ನೋಡಿದ್ದೆ, ನೋಡಿಯೂ ಒಂದಿಷ್ಟು ಕೆಲಸ ಮುಗಿಯಲಿ ಎಂದು ಸುಮ್ಮನಿದ್ದೆ. ಆ ಮಾತು ನನ್ನನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಮರುವಾರವೇ ಅವರ ಆಪರೇಶನ್ ಮಾಡಿಸಿದೆವು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿದ್ದಾಗ ನಾನೇ ಕೆಂಪು ಕಾರನ್ನು ಬಿಚ್ಚಿದೆ. ಅದರ ಆಕ್ಸಲ್ ಒಂದು ಸಣ್ಣ ಟ್ರೇಲರಿಗೆ ಹೋಯಿತು. ಸೀಟು ಬಹಳ ದಿನ ಗೋಡೆಗೆ ಒರಗಿಕೊಂಡಿತ್ತು. ಬನಹಟ್ಟಿಯಿಂದ ವಾಪಸಾದ ಕಾರನ್ನು ತಾಡಪತ್ರಿ ಮುಚ್ಚಿ ಮೂಲೆಗೆ ತಳ್ಳಿದೆ. ಆ ಹಂಗಾಮಿನಲ್ಲಿ ಒಂದಾದ ಮೇಲೊಂದು ಟ್ರೇಲರ್ ಕಟ್ಟಿ ಕಳಿಸಿದೆ. ಕೆಲಸ ಹೆಚ್ಚಾದಷ್ಟೂ ಒಳಗಿನ ತಳಮಳ ಹೆಚ್ಚಾಯಿತು.

ಹಂಗಾಮು ಮುಗಿಯುವ ಹೊತ್ತಿಗೆ ಬಾಡಗಂಡಿ ಕಡೆಯ ಒಬ್ಬ ಹೆಣ್ಣುಮಗಳು ಟ್ರೇಲರ್ ಆರ್ಡರು ಕೊಡಲು ಬಂದರು. ಅರವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡ ಮೇಲೆ ಕಬ್ಬಿನ ಹೊಲವನ್ನು ತಾವೇ ಮಾಡಿಸುತ್ತಿದ್ದರು. ಅಳತೆ ಮಾತಾಡುತ್ತ ಅವರ ಕಣ್ಣು ಮೂಲೆಯ ತಾಡಪತ್ರಿಯ ಮೇಲೆ ಬಿತ್ತು. ಎತ್ತಿ ತೋರಿಸಿದೆ. ಅವರು ಬಗ್ಗಿ ಒಳಗೆ ಇಣುಕಿದರು.

"ಇದು ಓಡ್ತೈತೇನು?"

"ಓಡ್ತೈತ್ರಿ. ಆದರ ರಸ್ತಾಕ್ಕ ಒಯ್ಯಾಕ ಬರಂಗಿಲ್ಲ."

"ರಸ್ತಾಕ್ಕ ಯಾಕ? ನಮ್ಮ ಹೊಲದಾಗ ಈ ತುದಿಯಿಂದ ಆ ತುದಿಗೆ ದಾರಿ ಐತಿ. ದಿನಾ ನಡದ ನಡದ ಮೊಣಕಾಲ ಹೋಗ್ಯಾವ."

ನಾನೇ ಕೇಳಿದೆ. "ಹಿಂದ ಮಂದಿ ಎಲ್ಲಿ ಕುಂಡ್ರತಾರ ಅಂತ ಕೇಳಂಗಿಲ್ಲೇನ್ರಿ?"

ಅವರು ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡಿದರು. "ಸೈಕಲ್ ಹಿಂದ ಕುಂತೆ, ಸ್ಕೂಟರ್ ಹಿಂದ ಕುಂತೆ, ಜೀಪಿನಾಗ ಹಿಂದ ಕುಂತೆ. ಇನ್ನ ಹಿಂದಿಂದು ಮಾತ ಬ್ಯಾಡ ತಂಗಿ. ಇದನ್ನ ಹೊಡ್ಯಾಕ ಎಷ್ಟ ದಿನಾ ಬೇಕು ಕಲ್ಯಾಕ?"

ಒಂದು ವಾರ ಹಿಡಿಯಿತು. ನಾನು ದಿನಾ ಬೀಳಗಿಯ ಬಸ್ಸು ಹಿಡಿದು ಹೋಗಿ ಕಲಿಸಿದೆ. ಮೊದಲ ದಿನ ಅವರು ಕಾರನ್ನು ಕಬ್ಬಿನೊಳಗೆ ನುಗ್ಗಿಸಿದರು. ಮೂರನೆಯ ದಿನ ಗೇರು ಕೈಗೆ ಬಂತು. ಏಳನೆಯ ದಿನ ನನ್ನನ್ನು ಬದುವಿನ ಮೇಲೆ ಇಳಿಸಿ ಒಬ್ಬರೇ ಹೊರಟರು. ಎರಡೂ ಕಡೆ ಎತ್ತರದ ಕಬ್ಬು, ನಡುವೆ ಕಾರು ಕಾಣಲಿಲ್ಲ, ಸದ್ದಷ್ಟೇ ದೂರ ಹೋಗಿ ತಿರುಗಿ ಬಂತು. ಕಾರು ಕಣ್ಣಿಗೆ ಬಿದ್ದಾಗ ಅವರು ನನ್ನನ್ನು ನೋಡಲಿಲ್ಲ, ನಿಲ್ಲಿಸಲೂ ಇಲ್ಲ, ಹಾದು ಹೋಗಿಬಿಟ್ಟರು. ಇನ್ನೊಂದು ಸುತ್ತು. ನಾನು ಧೂಳಿನಲ್ಲಿ ನಿಂತು ಆ ಬಾಲ ತಿರುವಿನಲ್ಲಿ ಜಾರಿ ನಿಲ್ಲುವುದನ್ನು ನೋಡಿದೆ. ಕಣ್ಣಲ್ಲಿ ನೀರು ಬಂತು. ಅದಕ್ಕಿಂತ ಹೆಚ್ಚಾಗಿ, ನಾನೂ ಓಡಿಸಬೇಕೆಂದು ಕಾಲು ತುಡಿಯಿತು.

ಈಗಲೂ ಎರಡು ತಿಂಗಳಿಗೊಮ್ಮೆ ಆ ಕಾರನ್ನು ನೋಡಲು ಹೋಗುತ್ತೇನೆ. ಆಯಿಲ್ ಕಪ್ಪಾಗಿರುತ್ತದೆ, ಟೈರು ಸವೆದಿರುತ್ತವೆ, ಕೆಳಗೆಲ್ಲ ಮಣ್ಣು ಮೆತ್ತಿರುತ್ತದೆ. ನನಗೆ ಅದನ್ನು ಕೆರೆಯುವುದೇ ಸಂತೋಷ. ಮೂರು ಕಾರು ಮಾಡಿದೆವು, ಒಂದು ಬಿಚ್ಚಿ ಹೋಯಿತು, ಒಂದು ನಿಂತು ಫೋಟೋ ತೆಗೆಸಿಕೊಳ್ಳುತ್ತದೆ, ಒಂದು ಓಡುತ್ತದೆ. ಇದನ್ನು ಗೆದ್ದದ್ದೆನ್ನಬೇಕೋ ಸೋತದ್ದೆನ್ನಬೇಕೋ ಎಂದು ನಮ್ಮವರು ಒಮ್ಮೆ ಕೇಳಿದರು. ನಾನು ಆಯಿಲ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬೀಳಗಿಯ ಬಸ್ಸಿಗೆ ಹೊರಟೆ.

ಕಳೆದ ಸಲ ಹೋಗಿ ಬಂದಾಗ ಮಾವನವರು ಊಟಕ್ಕೆ ಕೂತಿದ್ದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ಆದರೆ ವೆಲ್ಡಿಂಗಿಗೆ ನಾವು ಬಿಡುವುದಿಲ್ಲ.

"ಹೆಂಗೈತಿ ಗಾಡಿ?" ಎಂದರು.

"ಛಲೋ ಐತ್ರಿ. ಬಲಗಡಿ ಪಾಟಾ ಒಂದೀಟು ಕುಂತೈತಿ."

"ಎಷ್ಟ ಕುಂತೈತಿ?"

"ಅರ್ಧಾ ಇಂಚ್ ಇದ್ದೀತು."

ತುತ್ತನ್ನು ತಾಟಿನಲ್ಲಿ ಹಾಗೇ ಇಟ್ಟರು. "ಬರೇ ಬಲಗಡೀದ ಯಾಕ ಕುಂತೈತಿ? ಆಕಿ ತಿರುಗೂದು ಯಾವ ಕಡೆ ಹೆಚ್ಚು, ಕೇಳಿಯೇನು?"

ನಾನು ಕೇಳಿರಲಿಲ್ಲ. ಈಗಲೇ ಕೇಳೋಣವೆಂದು ಫೋನು ಎತ್ತಿಕೊಂಡೆ.